ಒಂದು ದಿನ ನನಗ, ಒಂದು ದಿನ ನಿನಗ

ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ನವನಗರದ ಆ ಅಡ್ಡರಸ್ತೆ ಮುಂದೇನು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟಂತೆ ಕಾಣುತ್ತದೆ. ಕಾಯಿಪಲ್ಯದ ಗಾಡಿ ಹೋಗಿರುತ್ತದೆ, ನಾಯಿಗಳು ಕಾರಿನ ಕೆಳಗೆ ನೆರಳು ಹುಡುಕಿಕೊಂಡಿರುತ್ತವೆ. ಆ ಹೊತ್ತಿಗೆ ರೆಹಮತ್‌ಬಿ ತನ್ನ ಮನೆಯ ಬಾಗಿಲು ಎಳೆದುಕೊಂಡು, ರಸ್ತೆ ದಾಟಿ, ಸಾವಕ್ಕನಿಗೆ ಸೂಜಿ ಚುಚ್ಚಲು ಬರುತ್ತಿದ್ದಳು.

"ಹೊಟ್ಟಿ ತೋರಸ್ರಿ ಅಕ್ಕೋರ."

"ಬಾಗಲಾ ಹಾಕ ಮೊದ್ಲ. ಗಂಟಿ ಹೊಡದ ಮ್ಯಾಲೆ ಓಡಿ ಬರೂ ಹುಡಿಗ್ಯಾರಂಗ ಬರ್ತಿ."

ಸಾವಕ್ಕ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ರೆಹಮತ್‌ಬಿಯ ಮಗ ಅಬ್ದುಲಮಜೀದ ಅವಳ ಕೈಯಲ್ಲೇ ಅಕ್ಷರ ಕಲಿತಿದ್ದ. ಆಗ ಬಾಯಿಗೆ ಬಂದ 'ಅಕ್ಕೋರು' ಎಂಬ ಮಾತು, ಎರಡೂ ಮನೆಗಳು ಎದುರುಬದುರಾದ ಮೇಲೂ, ಇಬ್ಬರಿಗೂ ಕೂದಲು ಬೆಳ್ಳಗಾದ ಮೇಲೂ ಹಾಗೆಯೇ ಉಳಿದಿತ್ತು.

ಔಷಧ ಫ್ರಿಜ್ಜಿನ ಬಾಗಿಲಿನಲ್ಲಿ, ಬೆಣ್ಣೆ ಇಡುವ ಗೂಡಿನಲ್ಲಿರುತ್ತಿತ್ತು. ದಪ್ಪನೆಯ ಪ್ಲಾಸ್ಟಿಕ್ ಪೆನ್ನಿನಂಥದು. ತುದಿಗೆ ಹೊಸ ಸೂಜಿ ತಿರುಗಿಸಿ ಕೂರಿಸಬೇಕು, ಹಿಂದಿನ ಗುಂಡಿ ಎಳೆಯಬೇಕು, ಹೊಟ್ಟೆಯ ಚರ್ಮ ಹಿಡಿದು ಚುಚ್ಚಿ ಒತ್ತಬೇಕು. ಔಷಧಕ್ಕೆ ಉದ್ದನೆಯ ಹೆಸರಿತ್ತು. ಮನೆಯಲ್ಲಿ ಎಲ್ಲರೂ ಪೆನ್ನು ಎನ್ನುತ್ತಿದ್ದರು. ದಿನಕ್ಕೊಮ್ಮೆ, ತಪ್ಪದಂತೆ, ಸವೆದ ಎಲುಬು ಮತ್ತೆ ಬೆಳೆಯಲೆಂದು. ಅಮ್ಮ ತಾನೇ ಚುಚ್ಚಿಕೊಳ್ಳುತ್ತಾಳೆ ಎಂದು ಮಗ ಗೌತಮ ತಿಳಿದಿದ್ದ. ಮೊದಲ ದಿನ ಸಾವಕ್ಕನ ಕೈ ನಡುಗಿ ಸೂಜಿ ಬಾಗಿದ್ದು ಅವನಿಗೆ ಗೊತ್ತಿರಲಿಲ್ಲ. ರೆಹಮತ್‌ಬಿ ಕೌದಿ ಹೊಲಿಯುವವಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನೆಲದ ಮೇಲೆ ಕುಳಿತು, ಬೆರಳಳತೆಯಲ್ಲಿ ಸಾಲು ಹಿಡಿದು ಹೊಲಿಯುತ್ತ ಬದುಕಿದವಳು. ಅವಳ ಕೈ ನಡುಗುವುದಿಲ್ಲ.

ಹಿಂದಿನ ವರ್ಷ ಸಾವಕ್ಕ ಒಂದು ಬಕೀಟು ನೀರು ಎತ್ತಲು ಬಾಗಿದ್ದಳು, ಅಷ್ಟೇ. ಬೆನ್ನಿನ ಮಣಿಯೊಂದು ತನ್ನ ಮೇಲೆ ತಾನೇ ಕುಸಿದಿತ್ತು. ಎಕ್ಸ್‌ರೇಯಲ್ಲಿ ಅದು ಬೆರಳಿನಿಂದ ಒತ್ತಿದ ರಸ್ಕಿನಂತೆ ಕಾಣುತ್ತಿತ್ತು. ಬೆಲ್ಟು ಕಟ್ಟಿಕೊಂಡು ಮಲಗಿದ್ದ ಆ ತಿಂಗಳುಗಳಲ್ಲಿ ಅವಳಿಗೆ ಮೀಸಿದವಳು, ತಲೆ ಬಾಚಿದವಳು, ಕಾಲಿನ ಉಗುರು ತೆಗೆದವಳು ರೆಹಮತ್‌ಬಿ. ಗೌತಮ ಮತ್ತು ಸೊಸೆ ಪೂನಮ್ ಇಬ್ಬರೂ ಧಾರವಾಡಕ್ಕೆ ಕೆಲಸಕ್ಕೆ ಹೋಗುವವರು. ಹೆಣ್ಣಾಳನ್ನು ಇಡುತ್ತೇನೆ ಎಂದು ಗೌತಮ ಹೇಳುತ್ತಿರುವಾಗಲೇ ರೆಹಮತ್‌ಬಿ ಬಿಸಿನೀರು ಕಾಯಿಸಿಯಾಗಿತ್ತು.

ಆ ಓಣಿಯಲ್ಲಿ ಖಾಲಿ ವಾಟಿಯನ್ನು ತಿರುಗಿ ಕೊಡುವ ಪದ್ಧತಿ ಇಲ್ಲ. ಹಬ್ಬದ ಸುರಕುಂಬಾ ಪಾಯಸ ತುಂಬಿ ಬಂದ ವಾಟಿ ಶೇಂಗಾ ಚಟ್ನಿ ತುಂಬಿಕೊಂಡು ಹೋಗಬೇಕು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಆದರೆ ಮೀಸಿದ್ದನ್ನು ಯಾವ ವಾಟಿಯಲ್ಲಿ ತಿರುಗಿ ಕೊಡುವುದು? ಸಾವಕ್ಕ ಇದನ್ನು ಯೋಚಿಸಿಯೇ ಯೋಚಿಸಿದ್ದಳು. ಪೆನ್ನಿನಿಂದ ಅವಳ ನೋವು ಇಳಿಯುತ್ತ ಬಂದಂತೆ ಎದುರು ಮನೆಯವಳ ನೋವು ಏರುತ್ತ ಬಂದಿತ್ತು. ರೆಹಮತ್‌ಬಿ ಕೌದಿಯ ಮೇಲಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಮೊಣಕಾಲ ಕೆಳಗಿನ ಎಲುಬನ್ನು ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದಳು. ಎರಡು ವರ್ಷದ ಹಿಂದೆ ಅವಳಿಗೆ ಮೂತ್ರದಲ್ಲಿ ಕಲ್ಲು ಆಗಿತ್ತು, ಅದನ್ನು ಎಲ್ಲರೂ ಮರೆತಿದ್ದರು. ಔಷಧದಂಗಡಿಯವನು ಕೊಟ್ಟ ಕ್ಯಾಲ್ಸಿಯಂ ಗುಳಗಿಗಳನ್ನು ಅವಳು ಚಾಕಲೇಟಿನಂತೆ ಜಗಿಯುತ್ತಿದ್ದಳು.

"ಎಲುಬಿನೊಳಗ ಯಾರೋ ಕೂತು ಕೊರದಂಗ ಆಗತೈತ್ರಿ," ಎಂದಳು ಒಂದು ಮುಂಜಾನೆ, ಪೆನ್ನನ್ನು ಫ್ರಿಜ್ಜಿಗೆ ಇಡುತ್ತ.

"ನೀನೂ ಒಂದು ಹಾಕ್ಕೊ," ಎಂದಳು ಸಾವಕ್ಕ.

"ಏನ?"

"ಪೆನ್ನು. ನನಗ ಛಲೋ ಆಗೇತಿಲ್ಲೋ? ನಂದೂ ಎಲುಬು, ನಿಂದೂ ಎಲುಬು."

"ನಿಮ್ಮದು ಸಾಲಿ ಕಲ್ತ ಎಲುಬ್ರಿ. ನಂದು ಹೆಬ್ಬಟ್ಟಿನ ಎಲುಬು. ಒಂದ ಔಷಧ ಹತ್ತತೈತೇನು?"

"ಚ್ಯಾಷ್ಟಿ ಬಿಡು. ಒಂದು ದಿನ ನನಗ, ಒಂದು ದಿನ ನಿನಗ."

"ಗೌತಮಗ ಗೊತ್ತಾದ್ರ?"

"ಅವಗ್ಯಾಕ ಗೊತ್ತಾಗಬೇಕು? ಅವನ ಹೊಟ್ಟಿಗೆ ಚುಚ್ಚತೀವೇನು?"

ರೆಹಮತ್‌ಬಿ ಬಹಳ ಹೊತ್ತು ನಕ್ಕಳು. ಆಮೇಲೆ ಪೆನ್ನನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಮತ್ತೊಂದು ಪೆನ್ನು ತರಿಸಲು ಡಾಕ್ಟರ ಚೀಟಿ ಬೇಕು. ಚೀಟಿಗೆ ಡಾಕ್ಟರ ಹತ್ತಿರ ಹೋಗಬೇಕು. ಡಾಕ್ಟರ ಹತ್ತಿರ ಹೋದರೆ ರಕ್ತ ತೆಗೆಯುತ್ತಾರೆ, ಮಗ ಅಂಗಡಿ ಮುಚ್ಚಬೇಕಾಗುತ್ತದೆ. ಇದು ಎಲ್ಲಕ್ಕಿಂತ ಸರಳವಾಗಿತ್ತು. ಮರುದಿನ ಅವಳು ತನ್ನ ಹೊಟ್ಟೆಗೆ ತಾನೇ ಚುಚ್ಚಿಕೊಂಡಳು, ಬೇರೆ ಸೂಜಿ ಹಾಕಿಕೊಂಡು. ಸೂಜಿ ಬದಲಿಸುವುದರಲ್ಲಿ ಇಬ್ಬರೂ ಕಟ್ಟುನಿಟ್ಟು. ತಾವು ತಿಳಿವಳಿಕೆಯಿಂದ ಮಾಡುತ್ತಿದ್ದೇವೆ ಎಂದು ಅವರಿಗೆ ನಂಬಿಕೆ ಬಂದದ್ದೂ ಅದರಿಂದಲೇ.

ಕೆಲವು ವಾರಗಳ ನಂತರ ಸಾವಕ್ಕ ತಪಾಸಣೆಗೆಂದು ಹುಬ್ಬಳ್ಳಿಗೆ ಹೋದಳು. ಅವಳನ್ನು ನೋಡುತ್ತಿದ್ದ ಡಾ. ಭಾಗ್ಯಶ್ರೀ ಗ್ರಂಥಿಗಳ ರೋಗ ನೋಡುವವಳು, ಚಿಕ್ಕ ವಯಸ್ಸಿನವಳು, ಕೇಳಿದ್ದಕ್ಕೆಲ್ಲ ಕುರ್ಚಿ ಎಳೆದುಕೊಂಡು ಉತ್ತರ ಹೇಳುವ ಸ್ವಭಾವ.

"ದಿನಾ ಹಾಕ್ಕೊಳ್ಳಾಕತ್ತೀರಿಲ್ರಿ ಟೀಚರ್?"

"ಹೂಂನ್ರಿ," ಎಂದಳು ಸಾವಕ್ಕ. ಮಾತು ಬೇರೆ ಕಡೆ ತಿರುಗಲೆಂದು, ಈ ಔಷಧ ಅಂದರೆ ನಿಜವಾಗಿ ಏನು ಎಂದು ಕೇಳಿದಳು.

ಅದು ಹೊರಗಿನ ಔಷಧವೇ ಅಲ್ಲ ಎಂದಳು ಡಾಕ್ಟರು. ಕುತ್ತಿಗೆಯಲ್ಲಿ, ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು ಬೇಳೆಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿರುತ್ತವೆ. ಅವು ರಕ್ತಕ್ಕೆ ಒಂದು ಹಾರ್ಮೋನು ಬಿಡುತ್ತವೆ. ಪ್ರೋಟೀನಿನ ಸಣ್ಣ ಸರಪಳಿ ಅದು. ಎಲುಬಿನ ಜೀವಕೋಶಗಳ ಬಾಗಿಲಿಗೆ ಹೋಗಿ ತಟ್ಟುವುದು ಅದರ ಕೆಲಸ. ಆ ಸರಪಳಿಯ ಮುಂದಿನ ತುಂಡನ್ನು ಮಾತ್ರ ಕಾರ್ಖಾನೆಯಲ್ಲಿ ಮಾಡಿ ಪೆನ್ನಿಗೆ ತುಂಬಿದ್ದಾರೆ.

"ದಿನಕ್ಕೊಮ್ಮೆ ತಟ್ಟಿ ಹೋದ್ರ ಎಲುಬು ಕಟ್ಟೂ ಜೀವಕೋಶ ಎದ್ದು ಕೆಲಸಕ್ಕ ಹತ್ತತಾವ್ರಿ. ಇಡೀ ದಿನ ತಟ್ಟಕೋತ ನಿಂತ್ರ ಎಲುಬು ಕೆಡವೂ ಜೀವಕೋಶದ ಕೈ ಮ್ಯಾಲಾಗತೈತಿ. ಎಲುಬಿನ್ಯಾಗಿನ ಕ್ಯಾಲ್ಸಿಯಂ ಕರಗಿ ರಕ್ತಕ್ಕ ಬರತೈತಿ."

"ಅಂದ್ರ ಅದೇ ಔಷಧ ಹೆಚ್ಚಾದ್ರ ಎಲುಬು ತಿಂತೈತಿ?"

"ಹೆಚ್ಚಾದ್ರ ಅಲ್ರಿ. ಬಿಡುವಿಲ್ಲದ ಇದ್ರ."

ನಲವತ್ತು ಮಕ್ಕಳ ವರ್ಗದಲ್ಲಿ ಒಂದೇ ಸಮ ಕೂಗುವ ಶಿಕ್ಷಕಿಯ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದು ಸಾವಕ್ಕನಿಗೆ ಗೊತ್ತಿತ್ತು. ಒಂದು ಮಾತು ಆಡಿ ಸುಮ್ಮನಾಗಬೇಕು. ದೇಹಕ್ಕೂ ಇಂಥ ಬುದ್ಧಿ ಇರುವುದು ಅವಳಿಗೆ ಹಿಡಿಸಿತು. ನವನಗರಕ್ಕೆ ಬರುವವರೆಗೂ ಬಸ್ಸಿನಲ್ಲಿ ಅದನ್ನೇ ಯೋಚಿಸಿದಳು. ರೆಹಮತ್‌ಬಿಯ ಕುತ್ತಿಗೆಯಲ್ಲೂ ಆ ನಾಲ್ಕು ಕಾಳುಗಳಿವೆ ಎಂದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಫಾಲ್ಗುಣದ ಬಿಸಿಲಿನ ಜೊತೆಗೇ ರಂಜಾನ್ ಬಂತು. ರೋಜಾ ಹಿಡಿದಾಗ ಚುಚ್ಚಿಕೊಳ್ಳಬಹುದೋ ಬಾರದೋ ಎಂದು ರೆಹಮತ್‌ಬಿಗೆ ಸಂಶಯ. 'ನಮ್ಮ ಪೈಕಿ ಒಬ್ಬಾಕಿ ಮುದುಕಿ ಅದಾಳ್ರಿ' ಎಂದು ಶುರುಮಾಡಿ ಮಸೀದಿಯ ಹಜರತರನ್ನು ಕೇಳಿಸಿದಳು. ಸೂಜಿ ಊಟವಲ್ಲ, ರೋಜಾ ಮುರಿಯುವುದಿಲ್ಲ ಎಂದು ಉತ್ತರ ಬಂತು. ಪೆನ್ನು ನಿಲ್ಲಲಿಲ್ಲ.

ಆ ತಿಂಗಳು ಅವಳಿಗೆ ಆದದ್ದಕ್ಕೆಲ್ಲ ರೋಜಾವೇ ಕಾರಣವಾಯಿತು. ನೀರಡಿಕೆ ಆದರೆ ರೋಜಾ. ಸುಸ್ತಾದರೆ ರೋಜಾ. ಇಫ್ತಾರಿನ ಹೊತ್ತಿಗೆ ತಂಬಿಗೆಗಟ್ಟಲೆ ನೀರು ಕುಡಿದು, ಇಡೀ ರಾತ್ರಿ ಬಚ್ಚಲಿಗೆ ಓಡಾಡಿ, ತಿಂದದ್ದನ್ನು ವಾಂತಿ ಮಾಡಿಕೊಂಡರೆ ಅದೂ ರೋಜಾ. ಯಾರಿಗೂ ಸಂಶಯ ಬರಲಿಲ್ಲ. ಸಂಶಯ ಬರಲು ಜಾಗವೇ ಇರಲಿಲ್ಲ.

ಸಾವಕ್ಕ ಮೊದಲು ಗಮನಿಸಿದ್ದು ಹೊಲಿಗೆಯನ್ನು. ಹಸಿರು ಸೀರೆಯ ಅಂಚಿನಗುಂಟ ಹೋಗುತ್ತಿದ್ದ ಸಾಲು ನಡುವೆಯೇ ಬಾಗಿ, ತಾನೆಲ್ಲಿಗೆ ಹೊರಟಿದ್ದೆ ಎಂಬುದನ್ನೇ ಮರೆತಂತೆ ಅಡ್ಡಾದಿಡ್ಡಿ ಹೋಗಿತ್ತು. ರೆಹಮತ್‌ಬಿ ತಾನು ಉಟ್ಟ ಸೀರೆಯ ಸೆರಗನ್ನೂ ಕೌದಿಯ ಜೊತೆ ಸೇರಿಸಿ ಹೊಲಿದಿದ್ದಳು. ಏಳಲು ಹೋದಾಗ ಕೌದಿಯೂ ಎದ್ದು ಬಂತು.

"ಯಾ ಅಲ್ಲಾ, ಇದು ನನ್ನ ಬಿಡವಲ್ದು ನೋಡ್ರಿ," ಎಂದು ನಕ್ಕಳು. ಆದರೆ ಹೊಲಿಗೆ ಬಿಚ್ಚಲಿಲ್ಲ. ಅದನ್ನೇ ನೋಡುತ್ತ ಕುಳಿತಳು.

"ರೋಜಾ ಬಿಡು ರೆಹಮತ್. ಮೈಯಾಗ ಆರಾಮಿಲ್ಲದವರಿಗೆ ಬಿಡಾಕ ಬರತೈತಂತ ನೀನಽ ಹೇಳಿದ್ದಿ."

"ನನಗ ಏನಾಗೇತಿ? ಇದೊಂದು ನೀವು ಹೇಳಬ್ಯಾಡ್ರಿ."

ಒಂದು ಮುಂಜಾನೆ ರಸ್ತೆ ದಾಟಿ ಯಾರೂ ಬರಲಿಲ್ಲ. ಸಾವಕ್ಕ ಕಾದಳು. ಆಮೇಲೆ ಬೆಲ್ಟು ಕಟ್ಟಿಕೊಂಡು ತಾನೇ ಎದುರು ಮನೆಗೆ ಹೋದಳು. ರೆಹಮತ್‌ಬಿ ಹೊಲಿಗೆಯ ಮೇಲೆಯೇ ಒರಗಿದ್ದಳು. ತುಟಿ ಒಡೆದಿದ್ದವು. ಕರೆದರೆ ಕಣ್ಣು ತೆರೆಯುತ್ತಿದ್ದಳು, ಆದರೆ ಉತ್ತರ ಬಹಳ ದೂರದಿಂದ ಬರುತ್ತಿತ್ತು. ಸಾವಕ್ಕನನ್ನು ಆಪಾ ಎಂದು ಕರೆದಳು. ಅವಳ ಆ ಅಕ್ಕ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಅಬ್ದುಲಮಜೀದನಿಗೆ ಅಮರಗೋಳದ ಮಾರ್ಕೆಟ್ ಯಾರ್ಡಿನ ಮುಂದೆ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಫೋನು ಇಡುವಷ್ಟರಲ್ಲಿ ಬಂದ. ಆಟೋದಲ್ಲಿ ತಾಯಿಯನ್ನು ನಡುವೆ ಕೂರಿಸಿಕೊಂಡು ಮೂವರೂ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದರು.

ಪಾಳಿಯ ಡಾಕ್ಟರು ಸಲೈನ್ ಹಚ್ಚಿ, ರಕ್ತ ತೆಗೆದು, ಏನೇನು ಔಷಧ ತಗೋತಾರೆ ಎಂದು ಕೇಳಿದ.

"ಕ್ಯಾಲ್ಸಿಯಂ ಗುಳಗಿ ಅಷ್ಟರೀ," ಎಂದ ಅಬ್ದುಲಮಜೀದ.

ಆಗ ಮಂಪರಿನಲ್ಲಿದ್ದ ರೆಹಮತ್‌ಬಿಯ ಕೈ ಹಾಸಿಗೆಯ ಅಂಚಿಗೆ ಸರಿದು ಸಾವಕ್ಕನ ಬೆರಳು ಹಿಡಿಯಿತು. ಹಿಡಿದು ಒತ್ತಿತು. ಅದರ ಅರ್ಥ ಸಾವಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಳು.

ಮಂಚದ ಪರದೆಯ ಹೊರಗೆ ಬೆಂಚಿನ ಮೇಲೆ ಕುಳಿತಾಗ ಗೌತಮ ಕಚೇರಿಯಿಂದ ನೇರ ಬಂದ, ಅಬ್ದುಲಮಜೀದನಿಗೆ ಚಹಾ ತಂದುಕೊಟ್ಟ. ಸಾವಕ್ಕ ಗೋಡೆ ನೋಡುತ್ತಿದ್ದಳು. ನಿವೃತ್ತಳಾದ ಮೇಲೆ ಅವಳ ದಿನಕ್ಕೆ ಬಾರಿಸುವ ಗಂಟೆ ಒಂದೇ ಒಂದು ಉಳಿದಿತ್ತು, ರೆಹಮತ್‌ಬಿ ಬಾಗಿಲು ತಟ್ಟುವುದು. ಈಗ ಸುಮ್ಮನಿದ್ದರೆ ಆ ಹೆಂಗಸು ಹೋಗಿಬಿಡಬಹುದು. ಹೇಳಿದರೆ ಬದುಕಿಯೂ ಮತ್ತೆ ಬಾರದೆ ಇರಬಹುದು. ಎರಡರಲ್ಲಿ ಯಾವುದೂ ಬೇಡವೆಂದು ಅವಳು ಅಲ್ಲಿ ಕುಳಿತೇ ಇದ್ದಳು.

ಸಂಜೆ ಬಂದವಳು ಡಾ. ಭಾಗ್ಯಶ್ರೀಯೇ.

"ಟೀಚರ್, ನೀವ್ಯಾಕ ಇಲ್ಲಿ?" ಎಂದವಳು ಉತ್ತರಕ್ಕೆ ಕಾಯದೆ ಅಬ್ದುಲಮಜೀದನ ಕಡೆ ತಿರುಗಿದಳು. "ನಿಮ್ಮ ತಾಯಿ ರಕ್ತದಾಗ ಕ್ಯಾಲ್ಸಿಯಂ ಭಾಳ ಏರೇತಿ. ಅದರಿಂದನ ಈ ಮಂಪರು, ನೀರಡಿಕಿ, ವಾಂತಿ. ಕುತ್ತಿಗ್ಯಾಗಿನ ಒಂದು ಗ್ರಂಥಿ ಮ್ಯಾಲೆ ನನಗ ಸಂಶಯ ಐತಿ. ಅದು ಖರೇ ಆದ್ರ ಆಪರೇಷನ್ ಮಾಡಿ ತಗೀಬೇಕಾಗತೈತಿ."

"ಕುತ್ತಿಗಿ ಕೊಯ್ತೀರೇನ್ರಿ?"

"ಹೆದರಬ್ಯಾಡ್ರಿ, ಇನ್ನೂ ಪರೀಕ್ಷಾ ಬಾಕಿ ಅದಾವ. ಗುಳಗಿ ಬಿಟ್ರ ಬ್ಯಾರೆ ಔಷಧ ಏನೂ ಇಲ್ಲ ಅಲಾ? ಇದು ನನಗ ಪಕ್ಕಾ ಗೊತ್ತಾಗಬೇಕು."

"ಇಲ್ರಿ ಮೇಡಂ."

"ಐತ್ರಿ," ಎಂದಳು ಸಾವಕ್ಕ.

ಮೂವರೂ ಅವಳ ಕಡೆ ನೋಡಿದರು. ಪರದೆಯ ಆಚೆ ಸಲೈನಿನ ಕಂಬ ಸಣ್ಣಗೆ ಕಿರುಗುಟ್ಟಿತು.

"ನನ್ನ ಪೆನ್ನು. ಒಂದು ದಿನ ನಾ, ಒಂದು ದಿನ ಆಕಿ. ಭಾಳ ದಿನಾ ಆತು. ನಿನ್ನೆ ಮುಂಜಾನಿ ಆಕೀ ಪಾಳಿ ಇತ್ತು. ನಾನ ಕೊಟ್ಟಾಕಿ. ಆಕೀದೇನೂ ತಪ್ಪಿಲ್ರಿ, ಆಕಿಗೆ ಏನ್ ತಿಳಿತೈತಿ? ನಾ ಹೇಳಿದ್ದಕ್ಕ ಹೂಂ ಅಂದಾಳ."

"ಅವ್ವಾ," ಎಂದ ಗೌತಮ. ಅಬ್ದುಲಮಜೀದ ಕೈಯಲ್ಲಿದ್ದ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟು, "ಅಕ್ಕೋರ, ನೀವು?" ಎಂದು ಕೇಳಿದ. ಸಿಟ್ಟಿನಿಂದಲ್ಲ, ವರ್ಗದಲ್ಲಿ ತಪ್ಪು ಲೆಕ್ಕ ಬರೆದ ಹಲಗೆಯನ್ನು ನೋಡಿದ ಹುಡುಗನಂತೆ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತಳು. ಎಂದಿನಿಂದ, ಯಾವಾಗ, ಎಷ್ಟು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಬರೆದಾದ ಮೇಲೆ ದನಿ ಏರಿಸದೆ ಹೇಳಿದಳು: "ಸೂಜಿ ಬದಲಿ ಮಾಡಿದ್ರೂ ಒಬ್ಬರ ರಕ್ತ ಪೆನ್ನಿನೊಳಗ ಹೋಗಿರತೈತ್ರಿ. ಇಬ್ಬರಿಗೂ ಕಾಮಣಿ, ಎಚ್‌ಐವಿ, ಎಲ್ಲಾ ಪರೀಕ್ಷಾ ಆಗಬೇಕು. ಆ ಪೆನ್ನು ಇವತ್ತ ಒಗೀರಿ. ಇದನ್ನ ನೀವು ಹೇಳದ ಇದ್ದಿದ್ರ, ಬಂದ ರಿಪೋರ್ಟನ್ನ ನಾ ಯಾವ ಲೆಕ್ಕದಾಗ ಓದಬೇಕಿತ್ತು ಹೇಳ್ರಿ?"

ರಿಪೋರ್ಟು ಬಂದಾಗ ಸಾವಕ್ಕ ಮತ್ತೆ ಆ ಕೋಣೆಯಲ್ಲಿದ್ದಳು. ಅಬ್ದುಲಮಜೀದನೇ ಕರೆದೊಯ್ದಿದ್ದ, ಡಾಕ್ಟರು ಹೇಳುವುದನ್ನು ಅಕ್ಕೋರು ಕೇಳಿಸಿಕೊಂಡರೆ ತನಗೆ ತಿಳಿಯುವಂತೆ ಹೇಳುತ್ತಾರೆ ಎಂಬ ಹಳೆಯ ರೂಢಿ ಅವನಿಂದ ಹೋಗಿರಲಿಲ್ಲ.

ಪೆನ್ನಿನಲ್ಲಿರುವುದು ಹಾರ್ಮೋನಿನ ತುಂಡು, ಚುಚ್ಚಿದ ಕೆಲವು ತಾಸಿನಲ್ಲಿ ಅದು ರಕ್ತದಿಂದ ಹೋಗಿಬಿಡುತ್ತದೆ. ಈ ಪರೀಕ್ಷೆ ಅಳೆಯುವುದು ಇಡೀ ಹಾರ್ಮೋನನ್ನು, ದೇಹ ತಾನೇ ಮಾಡಿದ್ದನ್ನು. ರೆಹಮತ್‌ಬಿಯ ರಕ್ತದಲ್ಲಿ ಅದು ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಇತ್ತು. ಗುಳಗಿ, ಪೆನ್ನು ಎಲ್ಲ ನಿಲ್ಲಿಸಿ, ಸಲೈನ್ ಹರಿಸಿ, ಮತ್ತೆ ನೋಡಿದರೂ ಕ್ಯಾಲ್ಸಿಯಂ ಪೂರ್ತಿ ಇಳಿದಿರಲಿಲ್ಲ. ನಾಲ್ಕು ಗ್ರಂಥಿಗಳಲ್ಲಿ ಒಂದು ಹುಣಸೆಬೀಜದಷ್ಟು ಬೆಳೆದು ಯಾರ ಮಾತನ್ನೂ ಕೇಳದೆ ವರ್ಷಗಟ್ಟಲೆ ಹಾರ್ಮೋನು ಬಿಡುತ್ತಿತ್ತು. ಎರಡು ವರ್ಷದ ಹಿಂದಿನ ಆ ಮೂತ್ರದ ಕಲ್ಲು ಅದರದೇ. ಎಲುಬಿನೊಳಗೆ ಕೊರೆಯುತ್ತಿದ್ದದ್ದೂ ಅದೇ.

"ಹಂಗಾರ ನನ್ನ ಪೆನ್ನಿಂದ ಏನೂ ಆಗಿಲ್ಲೇನ್ರಿ?" ಎಂದು ಕೇಳಿದಳು ಸಾವಕ್ಕ.

"ಹಂಗಂತ ನಾ ಹೇಳಲಿಲ್ಲ. ಚೆಲ್ಲಾಕತ್ತಿದ್ದ ಬಕೀಟಿಗೆ ನೀವು ಮತ್ತೊಂದು ತಂಬಿಗಿ ಹಾಕಿದ್ರಿ. ಗುಳಗಿನೂ ಹಾಕ್ತು, ನೀರಿಲ್ಲದ ರೋಜಾನೂ ಹಾಕ್ತು." ಡಾಕ್ಟರು ತಾನು ಬರೆಯುತ್ತಿದ್ದ ಪೆನ್ನಿನ ಮುಚ್ಚಳ ಹಾಕಿದಳು. "ನಿಮಗ ಹೊರಗಿಂದ ದಿನಕ್ಕೊಮ್ಮೆ ಬೇಕಾದದ್ದು ಅವರಿಗೆ ಒಳಗಿಂದ ಹಗಲೂ ರಾತ್ರಿ ಸುರಿಯಾಕತ್ತಿತ್ತು. ಇಬ್ಬರ ನೋವೂ ಒಂದ ಥರ ಕಾಣಿಸ್ತು, ಅಷ್ಟ."

ಅದೇ ಸರಪಳಿ, ಅದೇ ಬಾಗಿಲು. ಒಬ್ಬಳ ಬೆನ್ನಿಗೆ ಇಟ್ಟಿಗೆ ತಂದು ಇಡುತ್ತಿತ್ತು, ಇನ್ನೊಬ್ಬಳ ಕಾಲಿನಿಂದ ಇಟ್ಟಿಗೆ ಹೊತ್ತೊಯ್ಯುತ್ತಿತ್ತು. ಸಾವಕ್ಕ ಇದನ್ನು ಮನಸ್ಸಿನಲ್ಲಿ ತಿರುವಿ ಹಾಕಿದಳು. ತಪ್ಪು ಅದರಿಂದ ಚಿಕ್ಕದಾಗಲಿಲ್ಲ, ದೊಡ್ಡದೂ ಆಗಲಿಲ್ಲ.

ರಕ್ತದ ಉಳಿದ ಪರೀಕ್ಷೆಗಳಲ್ಲಿ ಇಬ್ಬರಿಗೂ ಏನೂ ಇರಲಿಲ್ಲ. ಆಪರೇಷನ್ ಹಬ್ಬದ ನಂತರ ಎಂದಾಯಿತು. ರೆಹಮತ್‌ಬಿ ಚೇತರಿಸಿಕೊಂಡು ಮನೆಗೆ ಬಂದಳು. ರಸ್ತೆ ದಾಟಲಿಲ್ಲ. ಹೊಸ ಪೆನ್ನು ಬಂದಿತ್ತು. ಸಾವಕ್ಕ ದಿನವೂ ತಾನೇ ಚುಚ್ಚಿಕೊಂಡಳು, ಕೈ ನಡುಗುತ್ತಲೇ. ಹಬ್ಬದ ದಿನ ಸುರಕುಂಬಾ ತಂದವನು ಅಬ್ದುಲಮಜೀದ.

"ಅಮ್ಮಿ ಏನಂತಾಳ?"

"ಏನೂ ಅನ್ನೂದಿಲ್ರಿ. ಗುಳಗಿ ಡಬ್ಬಿ ಕಪಾಟದಾಗ ಹಾಕಿ ಕೀಲಿ ಹಾಕೇನಿ. ಅದಕ್ಕ ನನ್ನ ಮ್ಯಾಲೂ ಸಿಟ್ಟು."

ಸಾವಕ್ಕ ಆವತ್ತೇ ಎದುರು ಮನೆಗೆ ಹೋದಳು. ರೆಹಮತ್‌ಬಿ ಹೊಸ್ತಿಲ ಒಳಗೆ ಕುಳಿತಿದ್ದಳು. ಬರ್ರಿ ಎನ್ನಲಿಲ್ಲ.

"ಮಾತಾಡೂದಿಲ್ಲೇನು ನನ್ನ ಕೂಡ?"

"ನನಗ ಏನ್ ತಿಳಿತೈತಿ ಮಾತಾಡಾಕ?"

ಸಾವಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. ಆಸ್ಪತ್ರೆಯಲ್ಲಿ ತಾನೇ ಆಡಿದ ಮಾತು ಅದು ಎಂದು ಆಮೇಲೆ ಹೊಳೆಯಿತು. "ನೀ ಎಚ್ಚರಿದ್ದೇನು ಆಗ?"

"ಪರದೆ ಹಿಂದ ಇದ್ನಿ, ಗೋರಿಯೊಳಗ ಇರಲಿಲ್ಲ."

"ನಿನ್ನ ಮ್ಯಾಲೆ ಬರಬಾರದಂತ ಹಂಗಂದ್ನಿ ರೆಹಮತ್."

"ಯಾಕ ಬರಬಾರದು? ಸೂಜಿ ನನ್ನ ಕೈಯಾಗ ಇತ್ತು. ಹೊಟ್ಟಿ ನಂದು. ಯಾರಿಗೂ ಹೇಳಬ್ಯಾಡ್ರಿ ಅಂತ ಕೈ ಒತ್ತಿದಾಕಿ ನಾನು." ದನಿ ಏರಿಸದೆ, ದಾರ ಎಳೆದಂತೆ ಹೇಳುತ್ತ ಹೋದಳು. "ನೀವು ಹೇಳಿದ್ದು ಛಲೋ ಆತು, ನಾ ಉಳದ್ನಿ. ಅದಕ್ಕ ಸಿಟ್ಟಿಲ್ಲ. ಆದ್ರ ಎಲ್ಲಾ ನೀವಽ ಮಾಡಿದ್ರಿ ಅಂತ ಆತು. ಈಗ ನನ್ನ ಮಗ ಕುಂದ್ರು ಅಂತಾನ, ನೀರು ಕುಡಿ ಅಂತಾನ, ಕೂಸಿಗೆ ಹೇಳಿದಂಗ. ತಪ್ಪಿನಾಗೂ ನನ್ನ ಪಾಲು ನನಗ ಬಿಡವಲ್ರಿ ನೀವು."

ಸಾವಕ್ಕ ಹೊಸ್ತಿಲ ಹೊರಗೆ ನಿಂತೇ ಇದ್ದಳು. ಮಾತು ಸಿಗದಿದ್ದಾಗ ಏನಾದರೊಂದು ಹೇಳಿಬಿಡುವ ಚಟ ಅವಳಿಗಿತ್ತು, ಶಾಲೆಯಲ್ಲಿ ಅಂಟಿಕೊಂಡದ್ದು. ಈ ಸಲ ಹೇಳದೆ ಮನೆಗೆ ಬಂದಳು.

ಆಪರೇಷನ್ ಆಯಿತು. ಕುತ್ತಿಗೆಯ ಮೇಲೆ ಸಣ್ಣದೊಂದು ಪಟ್ಟಿ. ಮರುದಿನ ಮಧ್ಯಾಹ್ನ ಅಬ್ದುಲಮಜೀದ ನಮಾಜಿಗೆ ಹೋಗುತ್ತ, ಸ್ವಲ್ಪ ಹೊತ್ತು ಕೂರುವಿರಾ ಎಂದು ಸಾವಕ್ಕನನ್ನು ಕೇಳಿದ. ಅವಳು ವಾರ್ಡಿಗೆ ಬಂದಾಗ ರೆಹಮತ್‌ಬಿ ಕಿಟಕಿಯ ಕಡೆ ಮುಖ ಮಾಡಿದ್ದಳು. ಕಿಟಕಿಯಾಚೆ ಒಂದು ನೀರಿನ ಟ್ಯಾಂಕು ಬಿಟ್ಟರೆ ನೋಡಲು ಏನೂ ಇರಲಿಲ್ಲ.

ಡಾ. ಭಾಗ್ಯಶ್ರೀ ಮುಂಜಾನೆಯೇ ಬಂದು ಎಚ್ಚರಿಕೆ ಹೇಳಿ ಹೋಗಿದ್ದಳಂತೆ. ಇಷ್ಟು ವರ್ಷ ಲೂಟಿಯಾದ ಎಲುಬು ಹಸಿದಿರುತ್ತದೆ. ಸುರಿಯುವ ಹಾರ್ಮೋನು ನಿಂತದ್ದೇ ತಡ, ರಕ್ತದಲ್ಲಿರುವ ಕ್ಯಾಲ್ಸಿಯಂ ಎಲ್ಲ ತನಗೇ ಬೇಕೆಂದು ಎಳೆದುಕೊಳ್ಳಲು ಶುರುಮಾಡುತ್ತದೆ. ಆಗ ರಕ್ತದಲ್ಲಿ ಕಡಿಮೆ ಬೀಳುತ್ತದೆ. ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎಂದರೆ ತಡಮಾಡದೆ ಹೇಳಬೇಕು. ಬಿಟ್ಟರೆ ಕೈಕಾಲು ಸೆಟೆಯಬಹುದು. ಇದನ್ನೆಲ್ಲ ಪಕ್ಕದ ಮಂಚದ ರೋಗಿಯ ಸೊಸೆ ಸಾವಕ್ಕನಿಗೆ ಹೇಳಿದಳು, ರೆಹಮತ್‌ಬಿಯಲ್ಲ.

ಸಾವಕ್ಕ ಸ್ಟೂಲಿನ ಮೇಲೆ ಕುಳಿತಳು. ಚಹಾ ಬಂತು. ರೆಹಮತ್‌ಬಿ ಕುಡಿದು ಲೋಟ ಕೆಳಗಿಟ್ಟಳು. ಫ್ಯಾನು ತಿರುಗುತ್ತಿತ್ತು. ಆಮೇಲೆ, ಕಿಟಕಿಯ ಕಡೆ ನೋಡುತ್ತಲೇ, ಸ್ವಲ್ಪ ಒಡಕಾದ ದನಿಯಲ್ಲಿ,

"ಅಕ್ಕೋರ," ಎಂದಳು.

"ಏನ?"

"ತುಟಿ ಜುಂ ಅನ್ನಾಕತ್ತಾವ. ಕೈ ಬಳ್ಳನೂ."

"ಯಾವಾಗಿಂದ?"

"ಚಾ ಬರೂಕಿಂತ ಮೊದ್ಲಿಂದ. ಮಜೀದಗ ಹೇಳಬ್ಯಾಡ್ರಿ. ನಾಳಿ ಮನಿಗೆ ಕಳಸ್ತೇವಿ ಅಂದಾರ, ಇದನ್ನ ಹೇಳಿದ್ರ ಮತ್ತ ಇಟಗೋತಾರ. ಯಾರಿಗೂ ಹೇಳಬ್ಯಾಡ್ರಿ."

ಸಾವಕ್ಕ ಆಗಲೇ ಮಂಚದ ಕಂಬಿ ಹಿಡಿದು ಏಳುತ್ತಿದ್ದಳು. ನೆಟ್ಟಗೆ ನಿಲ್ಲಲು ಅವಳ ಬೆನ್ನಿಗೆ ಇನ್ನೂ ಹೊತ್ತು ಬೇಕು. ಆ ಹೊತ್ತಿನಲ್ಲಿ ಅವಳಿಗೆ ಹೊಸ್ತಿಲ ಹೊರಗೆ ನಿಂತದ್ದು ನೆನಪಾಯಿತು. ಈಗ ಹೋದರೆ ರೆಹಮತ್‌ಬಿ ಈ ಸ್ಟೂಲನ್ನೂ ತೆಗೆಸಿಬಿಡಬಹುದು.

"ನಾ ಹೇಳಾಕ ಹೊಂಟೇನಿ," ಎಂದಳು. "ನಿನಗ ತಿಳಿಯೂದಿಲ್ಲಂತ ಅಲ್ಲ. ನನಗ ಹೆದರಿಕಿ ಆಗೇತಿ."

ರೆಹಮತ್‌ಬಿ ಮುಖ ಈ ಕಡೆ ತಿರುಗಿಸಿದಳು. ತುಟಿಯ ಮೂಲೆಯೊಂದು ತಾನಾಗಿ ಅದುರುತ್ತಿತ್ತು. ಅದರ ನಡುವೆಯೇ ನಗು ಬಂದದ್ದರಿಂದ ಮುಖ ಸೊಟ್ಟಗಾಯಿತು.

"ಹೇಳದ ಬಿಡೂದಿಲ್ಲ ನೀವು, ಗೊತ್ತೈತಿ. ಅದಕ್ಕ ನಿಮಗ ಹೇಳಿದ್ನಿ. ಪಕ್ಕದ ಮಂಚದಾಕಿಗೆ ಹೇಳಾಕ ಬರ್ತಿರಲಿಲ್ಲೇನು? ಹೋಗ್ರಿ ಲಗೂ. ಸಾವಕಾಶ ಹೋಗ್ರಿ. ನಿಮ್ಮ ಬೆನ್ನರ ಎಲ್ಲಿ ನೆಟ್ಟಗೈತಿ."

"ಲಗೂ ಹೋಗಲೋ, ಸಾವಕಾಶ ಹೋಗಲೋ?"

"ಅಯ್ಯ, ಮಾತು ಸಾಕು, ಹೋಗ್ರಿ!"

ಸಾವಕ್ಕ ಗೋಡೆ ಹಿಡಿದು ನಡೆದಳು. ವಾರ್ಡಿನ ಕೊನೆಯ ಮೇಜಿನ ಹತ್ತಿರ ಇಬ್ಬರು ನರ್ಸುಗಳು ಸಿರಿಂಜುಗಳನ್ನು ಬಿಡಿಸಿಡುತ್ತಿದ್ದರು. ಅವಳು ಮೇಜಿನ ಮೇಲೆ ಕೈಯೂರಿ, ಹಿಂದಿನ ಬೆಂಚಿಗೂ ಕೇಳುವ ಹಳೆಯ ದನಿಯಲ್ಲಿ ಹೇಳಿದಳು:

"ಕಿಟಕಿ ಕಡೆ ಮಂಚದ ರೆಹಮತ್‌ಬಿಗೆ ತುಟಿ ಜುಂ ಅನ್ನಾಕತ್ತಾವ್ರಿ, ಕೈ ಬಳ್ಳನೂ. ಲಗೂ ಬರಬೇಕಂತ. ಆಕಿನ ಹೇಳಿ ಕಳಿಸ್ಯಾಳ."